ಇತಿಹಾಸಕ್ಕೆ ದಿಕ್ಕು ಅಂತ ಒಂದಿದೆಯಾ?

1793, ಪ್ಯಾರಿಸ್. ಹೊರಗೆ ಗಿಲೋಟಿನ್ ತಲೆ ಉರುಳಿಸುತ್ತಿದೆ. ಮೇಡಂ ವೆರ್ನೆ ಎಂಬಾಕೆಯ ಮನೆಯಲ್ಲಿ ಒಬ್ಬ ಗಣಿತಜ್ಞ ಅಡಗಿ ಕೂತಿದ್ದಾನೆ, ಹೆಸರು ಕೊಂಡೊರ್ಸೆ. ಅವನ ಮೇಲೆ ಬಂಧನದ ಆದೇಶವಿದೆ. ಅಂಥ ಹೊತ್ತಲ್ಲಿ ಅವನು ಬರೆಯುತ್ತಿರುವುದೇನು ಗೊತ್ತಾ? ಮನುಕುಲದ ಪ್ರಗತಿಯ ಚರಿತ್ರೆ! ಒಂಬತ್ತು ಯುಗ ಕಳೆದವು, ಹತ್ತನೆಯದು ಸಮಾನತೆಯತ್ತ ಸಾಗುತ್ತದೆ ಎಂದ. 1794ರ ಮಾರ್ಚ್‌ನಲ್ಲಿ ಸಿಕ್ಕಿಬಿದ್ದು ಸೆರೆಯಲ್ಲೇ ಸತ್ತ.

ಹಾಗಾದರೆ ಅವನು ನಂಬಿದ್ದೆಲ್ಲ ಸುಳ್ಳಾ? ದಿಕ್ಕೂ ಇಲ್ಲ, ಅರ್ಥವೂ ಇಲ್ಲ ಎನ್ನುತ್ತದೆ ನಿಹಿಲಿಸಂ. ನಾನಂತೂ ಒಪ್ಪಲಾರೆ. ಇತಿಹಾಸ ತಾನಾಗಿ ಮುಂದೆ ಹೋಗುತ್ತದೆ ಅನ್ನುವುದನ್ನೂ ಒಪ್ಪಲಾರೆ. ಅವನು ವಿರೋಧಿಸಿದ್ದ ಗುಲಾಮಗಿರಿಯನ್ನು ಫ್ರಾನ್ಸ್ 1794ರಲ್ಲಿ ರದ್ದು ಮಾಡಿತು, ಗುಲಾಮರೇ ದಂಗೆಯೆದ್ದ ಮೇಲೆ. 1802ರಲ್ಲಿ ನೆಪೋಲಿಯನ್ ವಾಪಸ್ ತಂದ. 1848ರಲ್ಲಿ ಮತ್ತೆ ರದ್ದಾಯಿತು. ಇನ್ನು ಹೆಣ್ಣುಮಕ್ಕಳಿಗೆ ಅವನು ಕೇಳಿದ್ದ ಮತದ ಹಕ್ಕು? ಫ್ರಾನ್ಸ್ ಅದನ್ನು ಕೊಟ್ಟಿದ್ದು 1944ರಲ್ಲಿ.