ಮನೆ ಕಂದಾಯದ ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಲ್ಲಿ ಮನೆಯುಳ್ಳವರು ವರ್ಷಕ್ಕೊಮ್ಮೆ ಮನೆ ಕಂದಾಯವನ್ನು ಸಲ್ಲಿಸಬೇಕು. ಆದರೆ ಎಲ್ಲರ ಕಂದಾಯವೂ ಒಂದೇ ಆಗಿರುವುದಿಲ್ಲ. ಇದಕ್ಕೆ ಕಾರಣವೇನು?

ಹಿಂದೆ ಮನೆಗೆ ಬರಬಹುದಾದ ಬಾಡಿಗೆಯನ್ನು ಅಧಿಕಾರಿಗಳು ಅಂದಾಜು ಮಾಡಿ ಕಂದಾಯವನ್ನು ಗೊತ್ತುಪಡಿಸುತ್ತಿದ್ದರು. ಈಗ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ತಿದ್ದುಪಡಿಗಳಂತೆ ಆಸ್ತಿಯ ಬೆಲೆಯೇ ಆಧಾರ. ಸರಕಾರದ ಮಾರ್ಗಸೂಚಿ ದರದಿಂದ ನಿವೇಶನದ ಬೆಲೆಯನ್ನೂ, ವಿಸ್ತೀರ್ಣ ಮತ್ತು ಕಟ್ಟಡದ ಬಗೆಯಿಂದ ಮನೆಯ ಬೆಲೆಯನ್ನೂ ಲೆಕ್ಕಹಾಕುತ್ತಾರೆ. ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿಯನ್ನು ಕಳೆಯುತ್ತಾರೆ. ಆದುದರಿಂದ ಒಂದೇ ಅಳತೆಯವಾದರೂ ಅಜ್ಜನ ಕಾಲದ ಹಂಚಿನ ಮನೆಗೆ ಕಡಿಮೆ, ಪಕ್ಕದ ಹೊಸ ತಾರಸಿ ಮನೆಗೆ ಹೆಚ್ಚು. ಅಂಗಡಿಗಳಿಗೆ ವಾಸದ ಮನೆಗಳಿಗಿಂತ ಹೆಚ್ಚಿನ ದರವಿದೆ.

ಕಂದಾಯದೊಡನೆ ಕೆಲವು ಉಪಕರಗಳೂ ಸೇರುತ್ತವೆ. 1000 ರೂಪಾಯಿ ಕಂದಾಯಕ್ಕೆ ಗ್ರಂಥಾಲಯ ಕರವೇ 60 ರೂಪಾಯಿ. ಊರಿನ ಗ್ರಂಥಾಲಯದಲ್ಲಿ ನೀವು ಓದುವ ಪುಸ್ತಕಗಳಿಗೆ ಈ ಹಣವೇ ಆಸರೆ.

ಈ ವಿವರಗಳನ್ನೆಲ್ಲ ಘೋಷಿಸಿ ಬರೆದುಕೊಡುವವರು ಮನೆಯ ಒಡೆಯರೇ. ಒಬ್ಬನು ಅಳತೆಯನ್ನು ಕುಗ್ಗಿಸಿ ಬರೆದರೆ ಬೀದಿಯ ದೀಪಕ್ಕೂ ಚರಂಡಿಗೂ ಅಷ್ಟು ಹಣ ಕೊರತೆಯಾಗುತ್ತದೆ. ನಿಜವನ್ನು ಬರೆದ ನೆರೆಯವನೂ ಆ ಕೊರತೆಯನ್ನು ಅನುಭವಿಸಬೇಕಾಗುತ್ತದೆ. ನಿಮ್ಮ ಮನೆಯ ಕಂದಾಯದ ರಸೀದಿಯನ್ನು ಒಮ್ಮೆ ಓದಿ ನೋಡಿರಿ. ಊರಿನ ಬಾಳಿನಲ್ಲಿ ನಿಮ್ಮ ಮನೆಯ ಪಾಲೆಷ್ಟೆಂಬುದು ಅದರಲ್ಲಿದೆ.