ವಾಲಾ ವಾಲಾ ಸಭೆಯ ಮುಖಗಳು

ಸಿಯಾಟಲ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ದೂರದ ಟಕೋಮಾದಲ್ಲಿರುವ ವಾಷಿಂಗ್ಟನ್ ರಾಜ್ಯ ಐತಿಹಾಸಿಕ ಸಂಘದ ಸಂಗ್ರಹದಲ್ಲಿ, ಅಲ್ಲಿನ ಮೂಲನಿವಾಸಿ ನಾಯಕರನ್ನು 1855ರಲ್ಲಿ ಎದುರಿಗೇ ಕೂರಿಸಿಕೊಂಡು ಬರೆದ ಪೆನ್ಸಿಲ್ ಭಾವಚಿತ್ರಗಳಿವೆ. ಇವುಗಳನ್ನು ಬರೆದ ಗುಸ್ಟಾವಸ್ ಸೋಹನ್ ವೃತ್ತಿ ಕಲಾವಿದರಲ್ಲ. ಪ್ರಷ್ಯಾದ ಟಿಲ್ಸಿಟ್‌ನಲ್ಲಿ 1825ರಲ್ಲಿ ಹುಟ್ಟಿ, ಹದಿಹರೆಯದಲ್ಲೇ ಅಮೆರಿಕಕ್ಕೆ ವಲಸೆ ಬಂದು, 1852ರಲ್ಲಿ ಸೈನ್ಯಕ್ಕೆ ಸೇರಿದ ಸಾಮಾನ್ಯ ಸಿಪಾಯಿ.

ಕನ್ನಡದಲ್ಲಿ ಪೆನ್ಸಿಲ್ಲಿಗೆ ಸೀಸದಕಡ್ಡಿ ಎಂಬ ಹೆಸರಿದ್ದರೂ ಅದರೊಳಗಿರುವುದು ಸೀಸವಲ್ಲ, ಗ್ರಾಫೈಟ್ ಎಂಬ ಇಂಗಾಲದ ರೂಪ. ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನವನ್ನು ಫ್ರಾನ್ಸಿನ ಕೊಂಟೆ 1795ರಲ್ಲಿ ರೂಪಿಸಿದ ಮೇಲೆ, ಮಣ್ಣಿನ ಪ್ರಮಾಣ ಹೆಚ್ಚಿಸಿ ಗಟ್ಟಿ ಗೆರೆಯನ್ನೂ ತಗ್ಗಿಸಿ ಮೆದು ನೆರಳನ್ನೂ ಪಡೆಯುವುದು ಸಾಧ್ಯವಾಯಿತು. ತೈಲವರ್ಣಕ್ಕೆ ಒಣಗುವ ಕಾಲ ಬೇಕು. ಬೆಳ್ಳಿ ಲೇಪಿಸಿದ ತಗಡಿನ ಮೇಲೆ ಬಿಂಬ ಮೂಡಿಸುವ ಡಾಗೆರೋಟೈಪ್ ಎಂಬ ಆರಂಭಿಕ ಛಾಯಾಚಿತ್ರಕ್ಕೆ ರಾಸಾಯನಿಕಗಳ ಹೊರೆ ಬೇಕು. ಬೆಟ್ಟಗಾಡಿನಲ್ಲಿ ಅಲೆಯುವ ಸಿಪಾಯಿಗೆ ಕಾಗದ, ಪೆನ್ಸಿಲ್ ಎರಡೇ ಸಾಕು.

ಸೋಹನ್ 1854ರಲ್ಲಿ ರಾಕಿ ಪರ್ವತದ ತಪ್ಪಲಿನ ಫ್ಲಾಟ್‌ಹೆಡ್ ಜನರ ಸೇಲಿಷ್ ಭಾಷೆಯನ್ನು ಕಲಿತು, ಅವರ ನಾಯಕರ ಚಿತ್ರಗಳನ್ನು ಬರೆದರು. ಈ ಭಾಷಾಜ್ಞಾನವನ್ನು ಕೈಚಳಕಕ್ಕಿಂತ ಕಡಿಮೆಯೆಂದು ಎಣಿಸಲಾಗದು. ಎದುರಿಗಿದ್ದವರನ್ನು ಮಾತನಾಡಿಸಬಲ್ಲವರಾಗಿದ್ದುದರಿಂದಲೇ ಆ ಮುಖಗಳು ಒಂದು ಬುಡಕಟ್ಟಿನ ಮಾದರಿಗಳಾಗದೆ ಒಬ್ಬೊಬ್ಬ ವ್ಯಕ್ತಿಯವಾಗಿಯೇ ಉಳಿದಿವೆ.

ಮರುವರ್ಷದ ಮೇ ಕೊನೆಯಲ್ಲಿ ವಾಷಿಂಗ್ಟನ್ ಪ್ರಾಂತದ ಮೊದಲ ಗವರ್ನರ್ ಐಸಾಕ್ ಸ್ಟೀವನ್ಸ್ ವಾಲಾ ವಾಲಾ ಕಣಿವೆಯಲ್ಲಿ ಕರೆದ ಸಭೆಗೆ ನೆಜ್ ಪರ್ಸ್, ಯಾಕಮಾ, ಕೆಯೂಸ್ ಮೊದಲಾದ ಜನಾಂಗಗಳವರು ಸಾವಿರಗಟ್ಟಲೆ ಸೇರಿದರು. ವಿಶಾಲವಾದ ನೆಲವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಮೀಸಲು ಪ್ರದೇಶವೆಂದು ಗುರುತಿಸಿದ ಸೀಮಿತ ಭೂಮಿಗೆ ಹೋಗಬೇಕೆಂಬುದು ಅಲ್ಲಿ ಸಹಿಯಾದ ಒಪ್ಪಂದಗಳ ತಿರುಳು. ಯಾಕಮಾ ನಾಯಕ ಕಮಾಯಾಕಿನ್, ವಾಲಾ ವಾಲಾ ನಾಯಕ ಪಿಯೋಪಿಯೋಮಾಕ್ಸ್‌ಮಾಕ್ಸ್ ಇಬ್ಬರ ಮುಖಗಳನ್ನೂ ಸೋಹನ್ ಈ ಕಾಲದಲ್ಲೇ ಚಿತ್ರಿಸಿದರು. ಒಪ್ಪಂದಗಳ ಬೆನ್ನಿಗೇ ಭುಗಿಲೆದ್ದ ಯುದ್ಧದ ನಡುವೆ, ಅದೇ ವರ್ಷದ ಡಿಸೆಂಬರಿನಲ್ಲಿ, ಪಿಯೋಪಿಯೋಮಾಕ್ಸ್‌ಮಾಕ್ಸ್ ಸ್ವಯಂಸೇವಕ ಪಡೆಯ ಸೆರೆಯಲ್ಲಿದ್ದಾಗಲೇ ಹತರಾದರು. ಒಪ್ಪಂದದ ಕಾಗದದಲ್ಲಿ ಅವರು ಹೆಸರಿನ ಮುಂದಿನ ಒಂದು ಗುರುತು ಮಾತ್ರ. ಸೋಹನ್ ಬರೆದ ಕಾಗದದಲ್ಲಿ ಅವರಿಗೆ ಮುಖವಿದೆ, ವಯಸ್ಸಿದೆ. ಸಿಯಾಟಲ್ ನಗರಕ್ಕೆ ಹೆಸರು ಕೊಟ್ಟ ನಾಯಕ ಸಿಯಾಟಲ್ ಅವರೂ ಅದೇ ವರ್ಷದ ಜನವರಿಯಲ್ಲಿ ಇಂಥದೇ ಒಪ್ಪಂದಕ್ಕೆ ಗುರುತು ಹಾಕಿದ್ದರು. ಅವರ ಪ್ರಸಿದ್ಧ ಛಾಯಾಚಿತ್ರ ತೆಗೆದದ್ದಾದರೋ 1864ರಷ್ಟು ತಡವಾಗಿ.

ಸೋಹನ್ ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೆಲಕಾಲ ಛಾಯಾಚಿತ್ರ ಸ್ಟುಡಿಯೋ ನಡೆಸಿ, ಆಮೇಲೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಪಾದರಕ್ಷೆಯ ವ್ಯಾಪಾರಕ್ಕಿಳಿದು, 1903ರಲ್ಲಿ ನಿಧನರಾದರು. ಅವರ ಫ್ಲಾಟ್‌ಹೆಡ್ ಭಾವಚಿತ್ರಗಳನ್ನು ಜಾನ್ ಯೂವರ್ಸ್ ಎಂಬ ವಿದ್ವಾಂಸರು ಸ್ಮಿತ್‌ಸೋನಿಯನ್ ಸಂಸ್ಥೆಯ ಮೂಲಕ ಪುಸ್ತಕವಾಗಿ ಪ್ರಕಟಿಸಿದ್ದು 1948ರಲ್ಲಿ.