ಮೀಟರ್ ಮೇಲೆ ಒಂದೂವರೆ



ಈಚೆಗೆ ಒಂದು ದಿನ ನಮ್ಮ ಕನ್ನಡ ವೇಳೆಯಲ್ಲಿ ಎರಡು ಭಾವಗೀತೆಗಳ ನಡುವೆ ಒಂದು ರಾಕ್ ಹಾಡು ಹಾಕಿದ್ದೆ. ಹಾಡು ಮುಗಿಯುವ ಮೊದಲೇ ಫೋನ್ ಬಂತು. ಮಾಜಿವಾಡಾದ ಒಬ್ಬ ಹಿರಿಯರು, ಮಾತಿನಲ್ಲೇ ಮಂಗಳೂರು ಕಡೆಯವರೆಂದು ಗೊತ್ತಾಯಿತು. "ಎಂತ ಮಾರಾಯ್ತಿ ಇದು? ನಮಗೆ ಸಿಗುವುದೇ ಇಷ್ಟು ಹೊತ್ತು, ಅದರಲ್ಲಿಯೂ ಇಂಗ್ಲಿಷಾ?"

ಕ್ಷಮಿಸಿ ಸರ್ ಎಂದೆ. ಅವರು ಸ್ವಲ್ಪ ಸುಮ್ಮನಿದ್ದು, "ಅಲ್ಲ, ನನ್ನ ಮೊಮ್ಮಗ ಒಳಗಿಂದ ಓಡಿ ಬಂದು ರೇಡಿಯೋ ಜೋರು ಮಾಡಿದ. ಕನ್ನಡ ಸ್ಟೇಷನ್ ಅಂದರೆ ದೂರ ಓಡುವವ ಅವ. ಚರ್ಚಿನ ಕ್ವಾಯರಿನಲ್ಲಿ ಗಿಟಾರ್ ಬಾರಿಸ್ತಾನೆ. ಇದು ಕ್ರಿಶ್ಚಿಯನ್ ಬ್ಯಾಂಡಾ ಅಂತ ಕೇಳ್ತಿದ್ದಾನೆ" ಎಂದರು. ಫೋನಿನಲ್ಲಿ ಎಲ್ಲ ಹೇಳಲಾಗಲಿಲ್ಲ. ಆ ಹುಡುಗನಿಗೂ ಅವನ ಅಜ್ಜನಿಗೂ ಇಲ್ಲಿ ಬರೆಯುತ್ತಿದ್ದೇನೆ.

ಆ ಬ್ಯಾಂಡ್ 'ಥರ್ಮಲ್ ಅಂಡ್ ಎ ಕ್ವಾರ್ಟರ್'. ಊರು ಬೆಂಗಳೂರು, ಹುಟ್ಟಿದ್ದು 1996ರಲ್ಲಿ. ಭಕ್ತಿಗೀತೆ ಹಾಡುವ ಬ್ಯಾಂಡ್ ಅಲ್ಲ. ಆದರೆ ಹುಡುಗನ ಊಹೆ ಪೂರ್ತಿ ತಪ್ಪೂ ಅಲ್ಲ. ಬೆಂಗಳೂರಿನ ರಾಕ್ ಸಂಗೀತ ಬೆಳೆದದ್ದು ದಂಡು ಪ್ರದೇಶದ ಚರ್ಚ್ ಕ್ವಾಯರುಗಳು, ಆಂಗ್ಲೋ ಇಂಡಿಯನ್ ಮನೆಗಳ ಪಿಯಾನೋ, ಮಿಷನ್ ಶಾಲಾ ಕಾಲೇಜುಗಳ ವೇದಿಕೆ, ಇವುಗಳ ನೆರಳಿನಲ್ಲೇ. ಈ ಗೆಳೆಯರು ಜೊತೆಯಾದದ್ದೂ ಕ್ರೈಸ್ಟ್ ಕಾಲೇಜಿನ ದಿನಗಳಲ್ಲಿ. ಹೆಸರಿನ ಹಿಂದೆ ಒಂದು ಹುಡುಗಾಟ ಇದೆ. ಮೊದಲಿನ ನಾಲ್ವರಲ್ಲಿ ಮೂವರು ಮಲಯಾಳಿಗಳು, ನಾಲ್ಕನೆಯವರು ಕಾಲು ಭಾಗ ಮಲಯಾಳಿ. 'ತ್ರೀ ಮಲ್ ಅಂಡ್ ಎ ಕ್ವಾರ್ಟರ್' ಎಂಬುದನ್ನು ಬೇಗ ಬೇಗ ಹೇಳಿ ನೋಡಿ!

ಆ ಕಾಲದ ಕಾಲೇಜು ಹಬ್ಬಗಳಲ್ಲಿ ಹೊರದೇಶದ ಹಾಡನ್ನು ಕ್ಯಾಸೆಟ್ಟಿನಲ್ಲಿ ಇದ್ದಹಾಗೇ ನುಡಿಸಿದವರಿಗೆ ಚಪ್ಪಾಳೆ. ಸ್ವಂತ ಹಾಡು ಶುರು ಮಾಡಿದರೆ ಜನ ಚಹಾ ಕುಡಿಯಲು ಎದ್ದು ಹೋಗುತ್ತಿದ್ದರು. ಈ ಬ್ಯಾಂಡಿನವರು ಹಠ ಹಿಡಿದು ಸ್ವಂತ ಹಾಡುಗಳನ್ನೇ ಕಟ್ಟಿದರು. ಮೊದಲ ಆಲ್ಬಮ್ 2000ದಲ್ಲಿ, 'ಜೂಪಿಟರ್ ಕೆಫೆ' 2002ರಲ್ಲಿ. ರಾಕ್ ಜೊತೆ ಜಾಝ್, ಫಂಕ್ ಬೆರೆತ ಸಂಗೀತ ಅದು. ಡೀಪ್ ಪರ್ಪಲ್‌ನಂಥ ದೊಡ್ಡ ತಂಡ ಬೆಂಗಳೂರಿಗೆ ಬಂದಾಗ ಅವರಿಗಿಂತ ಮೊದಲು ವೇದಿಕೆ ಹತ್ತುವ ಅವಕಾಶವೂ ಇವರಿಗೆ ಸಿಕ್ಕಿತ್ತು.

ನನಗೆ ಇವರ ಹಾದಿಯಲ್ಲಿ ಹೆಚ್ಚು ಕುತೂಹಲದ ಹಂತವೆಂದರೆ ಎರಡನೆಯ ಗಿಟಾರ್ ಹೋಗಿ ಮೂವರೇ ಉಳಿದದ್ದು. ಬ್ರೂಸ್ ಲೀ ಮಣಿ ಹಾಡುಗಾರಿಕೆ ಮತ್ತು ಗಿಟಾರ್, ರಾಜೀವ್ ರಾಜಗೋಪಾಲ್ ಡ್ರಮ್ಸ್, ರೂಡಿ ಡೇವಿಡ್ ಬೇಸ್ ಗಿಟಾರ್. ಒಬ್ಬ ಹೋದರೆ ಏನಾಗುತ್ತದೆ ಅನ್ನಬೇಡಿ. ಎರಡು ಗಿಟಾರ್ ಇದ್ದಾಗ ಒಂದು ಸ್ವರಗುಚ್ಛ ಹಿಡಿದು ನಿಲ್ಲುತ್ತದೆ, ಇನ್ನೊಂದು ಅದರ ಮೇಲೆ ಓಡಾಡುತ್ತದೆ. ಹಾರ್ಮೋನಿಯಂ ಆಧಾರ ಕೊಟ್ಟರೆ ಗಾಯಕ ಆಲಾಪಿಸುವ ಹಾಗೆ. ಒಂದೇ ಗಿಟಾರ್ ಆದಾಗ ಅದೇ ಆಧಾರವೂ ಆಗಬೇಕು, ಆಲಾಪವೂ ಆಗಬೇಕು, ಜೊತೆಗೆ ಅವನೇ ಹಾಡಬೇಕು. ಉಳಿದ ಜಾಗ ತುಂಬಲು ಬೇಸ್ ತಾನೂ ಒಂದು ರಾಗ ಹಿಡಿದು ನಡೆಯುತ್ತದೆ. ಡ್ರಮ್ಸ್ ಬರೀ ತಾಳ ಎಣಿಸುತ್ತಾ ಕೂತರೆ ಸಾಲದು. ಹೀಗೆ ಹಾಡು ತೆಳ್ಳಗಾಗುತ್ತದೆ, ಆದರೆ ಪ್ರತಿಯೊಬ್ಬನೂ ಸ್ಪಷ್ಟವಾಗಿ ಕೇಳಿಸುತ್ತಾನೆ. ಮುಂದಿನ ಸಲ ಕೇಳುವಾಗ ಬೇಸ್ ಒಂದನ್ನೇ ಹಿಂಬಾಲಿಸಿ ನೋಡಿ.

2005ರ 'ಪ್ಲಾನ್ ಬಿ' ಆಲ್ಬಮನ್ನು ಅಂತರ್ಜಾಲದಲ್ಲಿ ಪುಕ್ಕಟೆ ಬಿಟ್ಟರು. ಇಂಗ್ಲೆಂಡಿನ ರೇಡಿಯೋಹೆಡ್ ತಂಡ 'ನಿಮಗೆ ತೋಚಿದಷ್ಟು ಕೊಡಿ' ಎಂದು ಆಲ್ಬಮ್ ಬಿಟ್ಟು ಜಗತ್ತೆಲ್ಲ ಮಾತಾಡಿದ್ದು 2007ರಲ್ಲಿ. ಬೆಂಗಳೂರಿನವರ ಬಗ್ಗೆ ಅಷ್ಟು ಮಾತು ಆಗಲಿಲ್ಲ, ಇರಲಿ.

ಈಗ ಜಗಳಕ್ಕೆ ಕಾರಣವಾದ ಹಾಡಿಗೆ ಬರೋಣ. 2012ರಲ್ಲಿ ಬಂದ 'ತ್ರೀ ವೀಲ್ಸ್ ನೈನ್ ಲೈವ್ಸ್' ಮೂರು ಡಿಸ್ಕುಗಳ ಆಲ್ಬಮ್. ಮೂರು ಚಕ್ರ ಅಂದರೆ ನಮ್ಮ ಆಟೋರಿಕ್ಷಾ. ಅದರಲ್ಲಿನ ಹಾಡು 'ಮೀಟರ್ ಮೇಲೆ ಒನ್ ಅಂಡ್ ಎ ಹಾಫ್'. ಬೆಂಗಳೂರಿನಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಆಟೋ ದರ ಒಂದೂವರೆ ಪಟ್ಟು, ಅದು ನಿಯಮ. ಹಗಲಲ್ಲೂ ಕೇಳುವುದು ಮಾತ್ರ ಚಾಲಕರ ಸ್ವಂತ ನಿಯಮ. ನಮ್ಮ ಕಡೆ ಮಧ್ಯರಾತ್ರಿಯ ಮೇಲೆ ಕಾಲು ಭಾಗ ಮಾತ್ರ ಹೆಚ್ಚು, ಆದರೆ ಮಾಜಿವಾಡಾ ನಾಕಾದಲ್ಲಿ ಆಟೋ ಸಿಗಬೇಕಲ್ಲ! ಹದಿನಾರು ವರ್ಷ ಇಂಗ್ಲಿಷಿನಲ್ಲಿ ಹಾಡಿದ ತಂಡ ತನ್ನ ಊರಿನ ರಸ್ತೆಯ ಮಾತನ್ನೇ ಎತ್ತಿ ಹಾಡಿನ ತಲೆಗೆ ಇಟ್ಟಿತು. ಅರ್ಧ ಕನ್ನಡ, ಅರ್ಧ ಇಂಗ್ಲಿಷ್, ಬೆಂಗಳೂರಿನ ಆಟೋದವರು ಆಡುವ ಹಾಗೆಯೇ.

ರಘು ದೀಕ್ಷಿತ್ 2008ರ ತಮ್ಮ ಆಲ್ಬಮಿನಲ್ಲಿ ಶಿಶುನಾಳ ಶರೀಫರನ್ನೇ ಗಿಟಾರಿಗೆ ತಂದರು, ಅದು ಕನ್ನಡವೆಂದು ಯಾರೂ ಒಪ್ಪುತ್ತಾರೆ. ಇವರದನ್ನು ಕನ್ನಡವೆಂದು ನಾನೂ ವಾದಿಸುವುದಿಲ್ಲ. ನಮ್ಮ ಊರಿನದು ಎಂದು ಮಾತ್ರ ಹೇಳುತ್ತೇನೆ. ಈಚೆಗೆ ತಂಡ ಮತ್ತೆ ನಾಲ್ವರದಾಗಿ, 2020ರಲ್ಲಿ 'ಎ ವರ್ಲ್ಡ್ ಗಾನ್ ಮ್ಯಾಡ್' ಎಂಬ ಆಲ್ಬಮ್ ತಂದಿತು. ಎರಡನೆಯ ಗಿಟಾರ್ ಹಿಂದೆ ಬಂದಿದೆ, ಸದ್ದು ಮತ್ತೆ ದಪ್ಪಗಾಗಿದೆ. ನನ್ನ ಕಿವಿಗೆ ಹಳೆಯ ತೆಳ್ಳಗಿನದೇ ಹಿತ.

ಹಿರಿಯರು ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಠಾಣೆಯಲ್ಲೇ ಹುಟ್ಟಿ ಬೆಳೆದ ಮೊಮ್ಮಗ 'ಮೀಟರ್ ಮೇಲೆ' ಎಂಬುದನ್ನು ಮರಾಠಿ ಎಂದುಕೊಂಡಿದ್ದನಂತೆ. ಮರಾಠಿಯಲ್ಲಿ 'ಮೇಲೆ' ಎಂದರೆ ಸತ್ತರು. ಮೀಟರ್ ಸತ್ತುಹೋಯಿತು, ಅದಕ್ಕೇ ಒಂದೂವರೆ ಕೇಳುತ್ತಾರೆ ಎಂದು ಅರ್ಥ ಮಾಡಿಕೊಂಡಿದ್ದ! ಅಜ್ಜ ಕೂತು ಕನ್ನಡದ 'ಮೇಲೆ' ಹೇಳಿಕೊಟ್ಟರಂತೆ, ಆಮೇಲೆ 'ಕೆಳಗೆ', 'ಒಳಗೆ', 'ಹೊರಗೆ' ಕೂಡ. "ಇನ್ನೊಮ್ಮೆ ಹಾಕು ಮಾರಾಯ್ತಿ" ಎಂದರು. ಬರುವ ವಾರ ಹಾಕುತ್ತೇನೆ, ಭಾವಗೀತೆಯ ನಂತರ.